ಸಿರೊಂಕಾನ ಪರದೇಶಿ ಹಿರಿಯರು

ಹೆಂಡತಿ ತವರಿಗೆ ಹೋಗಿ ಕೂತದ್ದಕ್ಕೆ ಸಿರೊಂಕಾ ಬೇರೆಬೇರೆ ಕಡೆ ಬೇರೆಬೇರೆ ಕಾರಣ ಕೊಟ್ಟಿದ್ದ. ಕೊಳಾಯಿಯ ಹತ್ತಿರ ಕೇಳಿದವರಿಗೆ, ಅತ್ತೆಗೆ ಮೊಣಕಾಲು ನೋವು. ಚಹಾದಂಗಡಿಯಲ್ಲಿ ಕೇಳಿದವರಿಗೆ, ಮಾವನ ಹಸು ಕರು ಹಾಕಿದೆ. ಪ್ರವಾಸಿಗರಿಗೆ ಮಾತ್ರ ಅವನು ತನಗೆ ಮದುವೆಯೇ ಆಗಿಲ್ಲ ಎಂದು ಮೊದಲಿನಿಂದಲೂ ಹೇಳಿಕೊಂಡು ಬಂದಿದ್ದರಿಂದ ಅಲ್ಲಿ ಹೊಸದಾಗಿ ಕಾರಣ ಹುಡುಕುವ ತೊಂದರೆ ಇರಲಿಲ್ಲ.

ನಿಜವಾಗಿ ನಡೆದದ್ದು ಇಷ್ಟು. ಸಿರೊಂಕಾ ಮಾರಾದ ಹುಲ್ಲುಗಾವಲಿನಲ್ಲಿ ಪ್ರವಾಸಿಗರಿಗೆ ಗೈಡ್. ಬೆಳಗ್ಗೆ ಪ್ರಾಣಿಗಳನ್ನು ತೋರಿಸುವುದು, ಮಧ್ಯಾಹ್ನ ತನ್ನದೇ ಜನರಾದ ಮಸಾಯ್ ದನಗಾಹಿಗಳ ಒಂದು ಹಟ್ಟಿಯನ್ನು ತೋರಿಸುವುದು, ಸಂಜೆ ವಸತಿಗೃಹಕ್ಕೆ ತಂದು ಬಿಡುವುದು. ಒಮ್ಮೆ ಒಂದು ಗುಂಪಿನವರು, "ಇದೆಲ್ಲ ನಮಗೋಸ್ಕರ ಮಾಡಿಟ್ಟಿರೋದು, ನಿಜವಾದ ಮನೆ ತೋರಿಸಿ" ಎಂದು ಹಟ ಹಿಡಿದರು. ಸಿರೊಂಕಾ ಅವರನ್ನು ಮುಂಚೆ ಹೇಳದೆ ಕೇಳದೆ ತನ್ನ ಮನೆಗೇ ಕರೆದುಕೊಂಡು ಹೋದ. ಹೆಂಡತಿ ರೆಸಿಯಾತೊ ಆಗ ಮೊಣಕೈತನಕ ಸಗಣಿ ಮಾಡಿಕೊಂಡು ಗೋಡೆ ಮೆತ್ತುತ್ತಿದ್ದಳು. ಸಿರೊಂಕಾ ಅವಳನ್ನು ಗುರುತೇ ಇಲ್ಲದವನಂತೆ ಬೆರಳು ಮಾಡಿ ತೋರಿಸಿ, ಇಂಗ್ಲಿಷಿನಲ್ಲಿ, "ಇವಳು ಹಳೇ ಕಾಲದ ಹೆಂಗಸು. ಶಾಲೆಯ ಮುಖ ಕಂಡವಳಲ್ಲ. ಫೋನ್ ಎಂದರೇನೆಂದು ಇವಳಿಗೆ ಗೊತ್ತಿಲ್ಲ" ಎಂದ.

ಸರಿಯಾಗಿ ಆಗಲೇ ರೆಸಿಯಾತೊಳ ಸೊಂಟದಲ್ಲಿ ಫೋನು ಕೂಗಿತು. ನಾರೊಕ್ ಪಟ್ಟಣದ ಹಾಸ್ಟೆಲಿನಲ್ಲಿದ್ದು ಓದು ಮುಗಿಸಿದ ಅವಳ ಇಂಗ್ಲಿಷು ಗಂಡನದಕ್ಕಿಂತ ಚೆನ್ನಾಗಿತ್ತು. ಕೈ ಒರೆಸಿಕೊಂಡು ಫೋನೆತ್ತಿ, "ಆಮೇಲೆ ಮಾತಾಡ್ತೀನಿ. ಈಗ ನನ್ನನ್ನು ನಾಲ್ಕು ಜನಕ್ಕೆ ತೋರಿಸ್ತಾ ಇದಾರೆ" ಎಂದು ಅದೇ ಇಂಗ್ಲಿಷಿನಲ್ಲಿ ಹೇಳಿ ಇಟ್ಟಳು. ಪ್ರವಾಸಿಗರು ಸಿರೊಂಕಾನ ಮುಖ ನೋಡಿದರು. ಅವನು ಒಂದು ಹಕ್ಕಿಯನ್ನು ತೋರಿಸಿದ. ಆ ಸಂಜೆಗೆ ರೆಸಿಯಾತೊ ಗಂಟು ಕಟ್ಟಿಕೊಂಡು ಗುಡ್ಡದಾಚೆಯ ತವರಿಗೆ ಹೋದಳು.

ಹಾಗೆ ಹೋದ ಹೆಂಡತಿಯನ್ನು ಕರೆತರುವುದಕ್ಕೆ ಒಂದು ಕ್ರಮವಿದೆ. ಗಂಡ ತನ್ನ ಕಡೆಯ ಹಿರಿಯರನ್ನು ಮುಂದೆ ಮಾಡಿಕೊಂಡು, ಸಕ್ಕರೆ, ಚಹಾಪುಡಿ, ಒಂದು ಕಂಬಳಿ ಹೊತ್ತು ಹೋಗಬೇಕು. ಮರದ ಕೆಳಗೆ ಕೂತು ಹೆಣ್ಣಿನ ಕಡೆಯವರು ಬೈದದ್ದನ್ನೆಲ್ಲ ಬೈಸಿಕೊಳ್ಳಬೇಕು. ಅವನ ಪರವಾಗಿ ಹಿರಿಯರು ನಾಲ್ಕು ಒಳ್ಳೆಯ ಮಾತಾಡಬೇಕು. ಸಿರೊಂಕಾ ತನ್ನ ದೊಡ್ಡಪ್ಪನನ್ನು ಕರೆದಿದ್ದ. ದೊಡ್ಡಪ್ಪ, "ಬರ್ತೀನಿ. ಮೊದಲು ನೀನು ಮಾಡಿದ್ದೇನು ಅಂತ ನನ್ನ ಮುಂದೆ ಬಾಯಿಬಿಟ್ಟು ಹೇಳು" ಎಂದ. ಸಿರೊಂಕಾನಿಗೆ ಹೇಳಲಾಗಲಿಲ್ಲ, ಮುಂದೂಡಿದ. ಈ ನಡುವೆ ಮಾವ ನಂಪಾಸೊನಿಂದ ಮಾತು ಬಂತು: ದನ ಗುಡ್ಡದ ಮೇಲಿನ ಹುಲ್ಲಿಗೆ ಹೊರಡುವುದರೊಳಗೆ ಹಿರಿಯರು ಬರದಿದ್ದರೆ ಮಗಳು ಇಲ್ಲೇ ಇರುತ್ತಾಳೆ, ಇನ್ನು ಕಾಯುವುದಿಲ್ಲ. ಗುಡ್ಡದ ಕೆಳಗೆ ಹುಲ್ಲು ಒಣಗುತ್ತ ಬಂದಿತ್ತು. ಸಿರೊಂಕಾ ದಿನವೂ ಪ್ರವಾಸಿಗರಿಗೆ ಆ ಹುಲ್ಲು ತೋರಿಸುತ್ತ, ತಾನು ಮಾತ್ರ ಅದನ್ನು ನೋಡದೆ, ದಿನ ತಳ್ಳುತ್ತಿದ್ದ.

ಆ ದಿನ ವ್ಯಾನಿನಲ್ಲಿದ್ದವರು ಹಾಲೆಂಡಿನ ನಾಲ್ವರು. ಎದೆಯವರೆಗೆ ಬಿಳಿಗಡ್ಡ ಬಿಟ್ಟ ವೌಟರ್ ಎಂಬ ಮುದುಕ, ಅವನ ಹೆಂಡತಿ ಹನ್ನೆಕೆ, ಆಕೆಯ ಇಬ್ಬರು ತಮ್ಮಂದಿರು. ಎಲ್ಲರ ತಲೆಯೂ ಹತ್ತಿಯ ಹಾಗೆ ಬೆಳ್ಳಗಿತ್ತು. ಗಂಡಸರು ಮೂವರೂ ಊರುಗೋಲು ಹಿಡಿದಿದ್ದರು. ಸಿರೊಂಕಾ ಕೆಂಪು ಹೊದಿಕೆ, ಕೊರಳು ತುಂಬ ಮಣಿಸರ, ಕೈಯಲ್ಲಿ ಭರ್ಜಿ ಸಮೇತ ಮುಂದಿನ ಸೀಟಿನಲ್ಲಿ ತಿರುಗಿ ಕೂತು, ತಾನು ಹದಿಹರೆಯದಲ್ಲಿ ಸಿಂಹ ಕೊಂದ ಕಥೆಯನ್ನು ಹೇಳಿದ. ಕಥೆ ಮುಗಿದಾಗ ಎಲ್ಲರೂ ಕಾಲು ಚಾಚಲೆಂದು ಕೆಳಗಿಳಿದರು. ಪೊದೆಯಿಂದ ಒಂದು ಕಾಡುಹಂದಿ, ಹಿಂದೆ ಮರಿಗಳು, ಬಾಲ ಎತ್ತಿಕೊಂಡು ಓಡಿಬಂದವು. ವ್ಯಾನಿನೊಳಗೆ ಮೊದಲು ಹಾರಿದವನು ಸಿಂಹ ಕೊಂದವನು. ಆಮೇಲೆ ಅವನು ಬಾಗಿಲು ಅರ್ಧ ತೆರೆದು ಹನ್ನೆಕೆಯನ್ನು ಒಳಗೆಳೆದುಕೊಂಡ ಎಂಬುದನ್ನೂ ಹೇಳಬೇಕು.

ಮಧ್ಯಾಹ್ನದ ಹೊತ್ತಿಗೆ, ಯಾವಾಗಲೂ ತೋರಿಸುವ ಹಟ್ಟಿಯ ಯಜಮಾನ ಫೋನು ಮಾಡಿದ.

"ಇವತ್ತು ಬರಬೇಡ ಮಾರಾಯ. ನಮ್ಮ ಹುಡುಗ್ರೆಲ್ಲ ಫುಟ್‌ಬಾಲ್ ಪಂದ್ಯಕ್ಕೆ ನಾರೊಕ್‌ಗೆ ಹೋಗಿದಾರೆ. ಬಂದೋರ ಮುಂದೆ ಕುಣಿದು ಎಗರೋಕೆ ಯಾರೂ ಇಲ್ಲ. ನಾನು ಎಗರ್ಲಾ? ನನ್ನ ಸೊಂಟ ನೋಡಿದೀಯಲ್ಲ?"

ಹನ್ನೆಕೆ ಒಪ್ಪಲಿಲ್ಲ. ಹಟ್ಟಿ ನೋಡುವುದು ಕಾರ್ಯಕ್ರಮದಲ್ಲಿತ್ತು. ಹಟ್ಟಿಯವರಿಗೆ ಕೊಡಲೆಂದು ಆಕೆ ಸಕ್ಕರೆ, ಚಹಾಪುಡಿ ತಂದಿದ್ದಳು. ದಾರಿಯಲ್ಲಿ ತನಗೆಂದು ಒಂದು ಚೌಕಳಿ ಕಂಬಳಿಯನ್ನೂ ಕೊಂಡಿದ್ದಳು. ಡ್ರೈವರ್ ಮುತಿಸ್ಯಾ ಈ ಕಡೆಗೆ ಹೊಸಬ, ಕಂಬ ಎಂಬ ಬೇರೆ ಬುಡಕಟ್ಟಿನವನು; ಯಾರು ಯಾರಿಗೆ ಮಾವ ಎಂಬುದು ಅವನಿಗೆ ತಿಳಿಯದು.

"ಅದಕ್ಯಾಕೆ ತಲೆ ಬಿಸಿ? ಗುಡ್ಡದಾಚೆ ನಂಪಾಸೊ ಅನ್ನೋರ ಹಟ್ಟಿ ಇದೆಯಲ್ಲ, ಅಲ್ಲಿಗೆ ಹೋಗೋಣ" ಎಂದ.

"ಅಲ್ಲಿಗೆ ಮಾತ್ರ ಬೇಡ."

"ಯಾಕೆ?"

"ಅಲ್ಲಿ ನಾಯಿಗಳು ಜಾಸ್ತಿ."

ಮುತಿಸ್ಯಾ ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿಗೆ ತಿರುಗಿದ. "ನಾಯಿಗಾ? ಬೆಳಗ್ಗೆ ಸಿಂಹ ಕೊಂದೆಯಲ್ಲಪ್ಪಾ!"

ಹಿಂದೆ ನಾಲ್ಕು ಬಿಳಿತಲೆಗಳು ಉತ್ತರಕ್ಕಾಗಿ ಮುಂದೆ ಬಾಗಿದವು. ಸಿಂಹದ ಮಾನ ಉಳಿಸುವುದಕ್ಕಾಗಿ ಸಿರೊಂಕಾ ಮಾವನ ಮನೆಗೆ ಹೊರಟ.

ವ್ಯಾನಿನಿಂದ ಇಳಿಯಲೇಬಾರದು ಎಂದು ಅವನು ನಿರ್ಧರಿಸಿಕೊಂಡಿದ್ದ. ಆದರೆ ಹನ್ನೆಕೆ ಇಳಿಯುವಾಗ, "ಸ್ವಲ್ಪ ಹಿಡ್ಕೊಳಿ" ಎಂದು ಸಕ್ಕರೆಯ ಚೀಲವನ್ನೂ ಚಹಾಪುಡಿಯನ್ನೂ ಅವನ ಕೈಗಿತ್ತು, ಕಂಬಳಿಯನ್ನು ಅವನ ಹೆಗಲಿಗೆ ಹಾಕಿದಳು. ಆಕೆಗೆ ಆಸರೆ ಕೊಡಲು ಅವನು ಕೆಳಗೆ ಕಾಲಿಟ್ಟ. ಮುಳ್ಳುಬೇಲಿಯ ಬಾಯಲ್ಲಿ ಸೌದೆ ಹೊತ್ತು ನಿಂತಿದ್ದ ಹೆಂಗಸೊಬ್ಬಳು ನೋಡಿದಳು: ಅಳಿಯ. ಕೈಯಲ್ಲಿ ಸಕ್ಕರೆ, ಚಹಾಪುಡಿ. ಹೆಗಲ ಮೇಲೆ ಕಂಬಳಿ. ಮುಂದೆ ಊರುಗೋಲು ಹಿಡಿದ ನರೆತ ತಲೆಗಳು. ಸೌದೆಯನ್ನು ಅಲ್ಲೇ ಕೆಡವಿ ಕೂಗಿಕೊಂಡಳು.

"ಅಳಿಯ ಬಂದ! ಹಿರಿಯರನ್ನ ಕರ್ಕೊಂಡು ಬಂದ!"

ಅಂಗಳದಲ್ಲಿ ಸೋರೆಬುರುಡೆ ತೊಳೆಯುತ್ತಿದ್ದ ಅತ್ತೆ, ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡಬಾರದೆಂಬ ಕಟ್ಟಳೆಯಂತೆ, ಹೊದ್ದ ಬಟ್ಟೆಯನ್ನು ತಲೆಯ ಮೇಲೆಳೆದುಕೊಂಡು ತನ್ನ ಮನೆಯೊಳಗೆ ಓಡಿದಳು. ಮೊಣಕಾಲು ನೋವಿರುವ ಲಕ್ಷಣವೇನೂ ಕಾಣಲಿಲ್ಲ. ಸಿರೊಂಕಾ ಕೂಡ ಅಷ್ಟೇ ಬೇಗ ಬೆನ್ನು ತಿರುಗಿಸಿ ವ್ಯಾನಿಗೆ ಮುಖ ಮಾಡಿ ನಿಂತ.

"ಇದು ಸ್ವಾಗತದ ಕುಣಿತವಾ?" ಎಂದು ಕೇಳಿದ ವೌಟರ್.

"ಅದರ ಮೊದಲ ಭಾಗ" ಎಂದ ಸಿರೊಂಕಾ ವ್ಯಾನಿಗೆ.

ನಂಪಾಸೊ ನೊಣ ಓಡಿಸುವ ಚಾಮರ ಬೀಸುತ್ತ ನಿಧಾನವಾಗಿ ಬಂದ. ಅವನ ಹಿಂದೆ ಅವನ ತಮ್ಮ ಕಂತಾಯ್. ಕಂತಾಯನ ನಾಲಿಗೆಗೆ ಹೆದರಿ ಹಟ್ಟಿಯ ಕಾಡುಕೋಣದಂಥ ಗೂಳಿಯೂ ಪಕ್ಕಕ್ಕೆ ಸರಿಯುತ್ತದೆಂದು ಹೆಸರಿತ್ತು.

"ಬಂದ್ಯಾ?" ಎಂದ ನಂಪಾಸೊ. "ಇವರು ನಿನ್ನ ಕಡೆಯ ಹಿರಿಯರಾ?"

ಅಲ್ಲ ಎಂದರೆ, ಮತ್ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಅದಕ್ಕೆ ನಿಜವಾದ ಉತ್ತರವೆಂದರೆ, ಆ ಸಲ ಹೆಂಡತಿಯೊಬ್ಬಳನ್ನೇ ಜನಕ್ಕೆ ತೋರಿಸಿದ ಅಳಿಯ ಈ ಸಲ ಅತ್ತೆ, ಮಾವ, ದನ, ಕರು ಸಮೇತ ಇಡೀ ಹಟ್ಟಿಯನ್ನೇ ತೋರಿಸಲು ಬಂದಿದ್ದಾನೆ.

"ಹೌದು ಮಾವ" ಎಂದ ಸಿರೊಂಕಾ.

"ಸ್ವಲ್ಪ ಬೆಳ್ಳಗಿದಾರಲ್ಲ?"

"ದೂರದವರು."

"ನಿಮ್ಮಮ್ಮನ ಕಡೆಯೋರಾ?"

"ಹೂಂ. ಆ ಕಡೆಯೋರೇ."

"ಅವನಮ್ಮನ ಕಡೆಯೋರು ಒಂಥರಾ ಅಂತ ನಾನು ಮದುವೇಲೇ ಹೇಳಿದ್ದೆ" ಎಂದ ಕಂತಾಯ್. "ಯಾರು ಕೇಳಿದ್ರಿ ನನ್ನ ಮಾತು?"

ನಂಪಾಸೊ ಹಿರಿಯನಿಗೆ ಹಿರಿಯ ತೋರುವ ಗೌರವದಂತೆ ಅಂಗೈಗೆ ಉಗುಳಿಕೊಂಡು ಕೈ ಮುಂದೆ ಚಾಚಿದ. ಸಿರೊಂಕಾ ಕಣ್ಣು ಮುಚ್ಚಿಕೊಂಡ. ವೌಟರ್ ಆ ಕೈಯನ್ನು ನೋಡಿದ. ಬೇರೆ ದೇಶಕ್ಕೆ ಹೋದಾಗ ಅವರು ಮಾಡಿದಂತೆ ಮಾಡಬೇಕು ಎಂದು ನಂಬಿದ ಮನುಷ್ಯ ಅವನು. ತನ್ನ ಅಂಗೈಗೂ ಧಾರಾಳವಾಗಿ ಉಗುಳಿಕೊಂಡು ನಂಪಾಸೊನ ಕೈ ಹಿಡಿದು ಕುಲುಕಿದ.

ನಂಪಾಸೊನ ಮುಖ ಅರಳಿತು. "ತಿಳಿದೋನು ಕಣೋ ಇವನು. ಈಗಿನ ನಮ್ಮ ಹುಡುಗ್ರಿಗೇ ಇದು ಗೊತ್ತಿಲ್ಲ. ಬನ್ನಿ, ಕೂತ್ಕೊಳಿ."

ಜಾಲಿಮರದ ಕೆಳಗೆ ಪಂಚಾಯಿತಿ ಕೂತಿತು. ಒಂದು ಕಡೆ ಹಟ್ಟಿಯ ಮುದುಕರು, ಎದುರಿಗೆ ಹಾಲೆಂಡಿನವರು. ನಡುವೆ ಸಿರೊಂಕಾ, ಅತ್ತೆಯ ಮನೆಯ ಕಡೆಗೆ ಬೆನ್ನು ಹಾಕಿ. ಸಕ್ಕರೆ, ಚಹಾಪುಡಿ, ಕಂಬಳಿ ಆಗಲೇ ಒಳಗೆ ಹೋಗಿದ್ದವು.

"ನನ್ನ ಕಂಬಳಿ?" ಎಂದಳು ಹನ್ನೆಕೆ.

"ಗೌರವದಿಂದ ಇಟ್ಟಿರ್ತಾರೆ" ಎಂದ ಸಿರೊಂಕಾ.

ಕಂತಾಯ್ ದೊಣ್ಣೆ ಹಿಡಿದು ಎದ್ದು ನಿಂತ. "ಹಿರಿಯರೇ, ನಿಮ್ಮ ಈ ಹುಡುಗ ಮಾಡಿದ್ದು ಕೇಳಿ! ನಮ್ಮ ಮನೆ ಮಗಳನ್ನ ಜಿರಾಫೆ ತೋರಿಸಿದಂಗೆ ಬೆರಳು ಮಾಡಿ ತೋರಿಸಿದಾನೆ! ಜಿರಾಫೆಯಾದ್ರೂ ಓಡಿಹೋಗುತ್ತೆ, ಇವಳು ಸಗಣಿ ಕೈಯಲ್ಲಿ ಎಲ್ಲಿಗೆ ಓಡಬೇಕಿತ್ತು?"

"ಏನಂತೆ?" ಎಂದ ವೌಟರ್.

"ಈ ವರ್ಷ ಜಿರಾಫೆ ಕಡಿಮೆ ಅಂತ ಕಳವಳ ಪಡ್ತಿದಾರೆ" ಎಂದ ಸಿರೊಂಕಾ.

ಹಾಲೆಂಡಿನವರೆಲ್ಲ ಬೇಸರದಿಂದ ತಲೆಯಾಡಿಸಿದರು. ಹಟ್ಟಿಯವರಿಗೆ ಅದು ಹಿಡಿಸಿತು. ಗಂಡಿನ ಕಡೆಯವರು ಇಷ್ಟು ಬೇಗ ನಾಚಿಕೆಪಟ್ಟುಕೊಂಡದ್ದನ್ನು ಅವರು ಕಂಡಿರಲಿಲ್ಲ.

ತಮ್ಮಂದಿರಲ್ಲಿ ದೊಡ್ಡವನು, "ಈ ಯಜಮಾನರ ಹತ್ತಿರ ಎಷ್ಟು ಹಸುಗಳಿವೆ, ಕೇಳಿ" ಎಂದ. ದನದ ಎಣಿಕೆ ಕೇಳುವುದಕ್ಕಿಂತ ದೊಡ್ಡ ಅಪಶಕುನದ ಮಾತು ಆ ಹಟ್ಟಿಯಲ್ಲಿ ಇನ್ನೊಂದಿರಲಿಲ್ಲ. ಸಿರೊಂಕಾ ಮಾವನ ಕಡೆ ತಿರುಗಿದ.

"ನಿಮ್ಮ ದನಕರು ಎಲ್ಲ ಸುಖವಾಗಿದಾವಾ ಅಂತ ಕೇಳ್ತಿದಾರೆ, ಮಾವ."

"ಆಹಾ!" ಎಂದ ನಂಪಾಸೊ. "ಕೋಪದ ಹೊತ್ತಲ್ಲೂ ದನದ ಕ್ಷೇಮ ಕೇಳ್ತಾರೆ ನೋಡು. ಹಿರಿತನ ಅಂದ್ರೆ ಇದು."

ಸಿರೊಂಕಾನಿಗೆ ಸ್ವಲ್ಪ ಧೈರ್ಯ ಬಂತು. ಹೀಗೇ ಒಂದು ಗಳಿಗೆ ನಡೆದರೆ ಇತ್ತ ಪ್ರವಾಸವೂ ಮುಗಿಯುತ್ತದೆ, ಅತ್ತ ಸಂಸಾರವೂ ಉಳಿಯುತ್ತದೆ ಎಂದುಕೊಂಡ. ಅಷ್ಟರಲ್ಲಿ ಹನ್ನೆಕೆ ಎದ್ದಳು.

"ಮಾತು ಸಾಕು. ಮನೆಯೊಳಗೆ ನೋಡೋಣ."

ಆಕೆ ನೇರವಾಗಿ ಅತ್ತೆಯ ಮನೆಯತ್ತ ನಡೆದಳು. ಸಿರೊಂಕಾ ಹಿಂದೆ ಹೋಗುವಂತಿರಲಿಲ್ಲ. ಪ್ರಾಣ ಹೋದರೂ ಅಳಿಯ ಆ ಹೊಸ್ತಿಲು ತುಳಿಯುವಂತಿರಲಿಲ್ಲ. ಬೆನ್ನ ಹಿಂದೆ ಹನ್ನೆಕೆಯ ನಗು ಕೇಳಿಸಿತು. ಆಮೇಲೆ ಇಬ್ಬರು ಹೆಂಗಸರು ಇಂಗ್ಲಿಷಿನಲ್ಲಿ ಮಾತಾಡುವುದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಆ ಮೌನ ಅವನಿಗೆ ಸ್ವಲ್ಪವೂ ಹಿಡಿಸಲಿಲ್ಲ. ಇತ್ತ ಕಂತಾಯ್ ಅವನ ಗುಣಗಳನ್ನು ಒಂದೊಂದಾಗಿ ವಿವರಿಸುತ್ತಲೇ ಇದ್ದ. ಸಿರೊಂಕಾ ಅದನ್ನು ಮಳೆ, ಮೇವು, ಹುಲ್ಲಿನ ಜಾತಿಗಳ ವಿಚಾರವಾಗಿ ಇಂಗ್ಲಿಷಿಗೆ ತಿರುಗಿಸುತ್ತಿದ್ದ.

ರೆಸಿಯಾತೊ ಹೊರಗೆ ಬಂದಳು. ಜೊತೆಗೆ ಹನ್ನೆಕೆ, ಸಿರೊಂಕಾನನ್ನು ಹೊಸದಾಗಿ ನೋಡುವವಳಂತೆ ನೋಡುತ್ತ. ರೆಸಿಯಾತೊ ಗಂಡನ ಕಡೆ ತಿರುಗಲಿಲ್ಲ. ವೌಟರನ ಪಕ್ಕದಲ್ಲಿ ಕೂತು ಇಂಗ್ಲಿಷಿನಲ್ಲಿ ಕೇಳಿದಳು.

"ಹಿರಿಯರೇ, ನನ್ನ ಗಂಡ ಇಷ್ಟು ಹೊತ್ತು ನಿಮಗೆ ಏನು ಹೇಳ್ತಿದ್ದ?"

"ಹುಲ್ಲಿನ ವಿಷಯ" ಎಂದ ವೌಟರ್. ಆಮೇಲೆ ಹುಬ್ಬು ಮೇಲೇರಿತು. "ಗಂಡನಾ? ಮದುವೆ ಆಗಿಲ್ಲ ಅಂದಿದ್ದನಲ್ಲ?"

"ಇರಬಹುದು. ಅದನ್ನ ತೀರ್ಮಾನ ಮಾಡೋಕೇ ಇಲ್ಲಿ ಎಲ್ಲ ಕೂತಿರೋದು." ಅವಳು ಫೋನಿನ ಕಥೆಯಿಂದ ಹಿಡಿದು ಎಲ್ಲವನ್ನೂ ಸಾವಕಾಶವಾಗಿ ಹೇಳಿದಳು. "ನೀವು ಅವನ ಕಡೆಯ ಹಿರಿಯರು ಅಂತ ನಮ್ಮಪ್ಪ ತಿಳ್ಕೊಂಡಿದಾರೆ. ಚಹಾ ಕಾಯ್ತಾ ಇದೆ, ನಿಮ್ಮದೇ ಸಕ್ಕರೆ. ಈಗ ಅವನ ಪರವಾಗಿ ನೀವು ಮಾತಾಡಬೇಕು."

ಹಾಲೆಂಡಿನ ನಾಲ್ವರೂ ತಲೆ ಒಂದುಗೂಡಿಸಿ ತಮ್ಮ ಭಾಷೆಯಲ್ಲಿ ಗುಸುಗುಸು ನಡೆಸಿದರು. ಸಿರೊಂಕಾ ಬಾಯಿ ತೆರೆದ. ರೆಸಿಯಾತೊ ಕೈ ಎತ್ತಿದಳು. "ನೀನು ಸುಮ್ನಿರು. ಇಂಗ್ಲಿಷು ನಾನು ನೋಡ್ಕೊತೀನಿ."

ವೌಟರ್ ಊರುಗೋಲೂರಿ ಎದ್ದು ನಿಂತ. ಅವನು ಒಂದೊಂದು ವಾಕ್ಯ ಹೇಳಿದ ಹಾಗೆ ರೆಸಿಯಾತೊ ಅದನ್ನು ಕೂಡಿಸದೆ ಕಳೆಯದೆ ಮನೆಮಾತಿಗೆ ತಿರುಗಿಸಿದಳು. ಎರಡು ಭಾಷೆ ಬಲ್ಲವನಿಗೆ ಇಂಥ ಹೊತ್ತಿನಲ್ಲಿ ಎರಡು ಸಲ ಮಾನ ಹೋಗುತ್ತದೆ.

"ನಾನು ಈ ಮನುಷ್ಯನನ್ನ ಇವತ್ತು ಬೆಳಗ್ಗೆಯಿಂದ ಬಲ್ಲೆ. ಅವನು ನಮಗೆ ತುಂಬಾ ವಿಷಯ ಹೇಳಿದ. ಅದರಲ್ಲಿ ಸೂರ್ಯ ಯಾವ ಕಡೆ ಮುಳುಗ್ತಾನೆ ಅನ್ನೋದು ಮಾತ್ರ ನಿಜ ಇರಬಹುದು, ಅದನ್ನೂ ಸಂಜೆ ನೋಡ್ಬೇಕು. ಸಿಂಹ ಕೊಂದೆ ಅಂದ. ಆಮೇಲೆ ಕಾಡುಹಂದಿ ಬಂದಾಗ ನನ್ನ ಹೆಂಡತಿಗಿಂತ ಮುಂಚೆ ವ್ಯಾನ್ ಹತ್ತಿದ."

"ಮರಿಹಂದಿ" ಎಂದು ತಮ್ಮಂದಿರಲ್ಲಿ ಚಿಕ್ಕವನು ತಿದ್ದಿದ. ರೆಸಿಯಾತೊ ಅದನ್ನೂ ಹೇಳಿದಳು.

ಹಟ್ಟಿಗೆ ಹಟ್ಟಿಯೇ ನಕ್ಕಿತು. ಕಂತಾಯ್ ದೊಣ್ಣೆ ಬಿಟ್ಟು ನೆಲದ ಮೇಲೆ ಕೂತುಬಿಟ್ಟ. ಮನೆಯೊಳಗಿನಿಂದ ಅತ್ತೆ ಬಟ್ಟೆ ಬಾಯಿಗೆ ತುರುಕಿಕೊಂಡು ನಗುವುದೂ ಕೇಳಿಸಿತು. ಸಿರೊಂಕಾ ಭರ್ಜಿಯ ಹಿಡಿಯನ್ನು ಎಂದೂ ನೋಡದವನಂತೆ ನೋಡುತ್ತ ನಿಂತ.

"ಆದ್ರೆ ಬಾಗಿಲು ತೆಗೆದು ಆಕೇನ ಒಳಗೆ ಎಳ್ಕೊಂಡ" ಎಂದು ವೌಟರ್ ಮುಂದುವರಿಸಿದ. "ಅದಕ್ಕೇ ಹೇಳ್ತೀನಿ, ಕೆಟ್ಟವನಲ್ಲ. ಬಾಯಿ ಮುಂದೆ ಓಡುತ್ತೆ, ಬುದ್ಧಿ ಹಿಂದಿನ ಬಸ್ಸಿಗೆ ಬರುತ್ತೆ. ನಮ್ಮ ಊರಲ್ಲೂ ಇಂಥವರಿದಾರೆ. ಒಬ್ಬನನ್ನ ನನ್ನ ತಂಗಿ ಮದುವೆ ಆಗಿದಾಳೆ. ಅವಳು ದಿನಾ ಬೈತಾಳೆ, ಆದ್ರೆ ಅವನಿಲ್ಲದೆ ಊಟಕ್ಕೆ ಕೂರಲ್ಲ. ನಾನು ಹೇಳೋದು ಇಷ್ಟೇ."

ನಂಪಾಸೊ ಚಾಮರ ಬೀಸುವುದನ್ನು ನಿಲ್ಲಿಸಿದ್ದ. "ಈ ಮರದ ಕೆಳಗೆ ನಾನು ಎಷ್ಟೋ ಪಂಚಾಯಿತಿ ನೋಡಿದೀನಿ. ಗಂಡಿನ ಕಡೆಯೋರು ಬಂದು, ನಮ್ಮ ಹುಡುಗ ಬಂಗಾರ, ನಮ್ಮ ಹುಡುಗ ಜೇನು ಅಂತಾರೆ. ನಮ್ಮ ಹುಡುಗ ಪೆದ್ದ ಅಂತ ಹೇಳಿದ ಹಿರಿಯರನ್ನ ಇವತ್ತೇ ನೋಡಿದ್ದು." ಕಂತಾಯನ ಕಡೆ ತಿರುಗಿದ. "ಇವರ ಮಾತನ್ನ ನಂಬಬಹುದು."

"ಇಂಥ ಮರ್ಯಾದಸ್ತರಿಗೆ ಇವನು ಹೇಗೆ ಹುಟ್ಟಿದ ಅಂತ" ಎಂದ ಕಂತಾಯ್ ಕಣ್ಣೊರೆಸಿಕೊಳ್ಳುತ್ತ.

"ಈಗ ನೀನು ಹೇಳು" ಎಂದ ನಂಪಾಸೊ ಅಳಿಯನಿಗೆ. "ಯಾಕೆ ಬಂದೆ?"

ಸಿರೊಂಕಾನ ಬಾಯಿಗೆ ಒಳ್ಳೊಳ್ಳೆಯ ಸುಳ್ಳುಗಳು ಬಂದವು. ಎಂದೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಅಷ್ಟರಲ್ಲಿ ಬೆನ್ನ ಹಿಂದಿನ ಮನೆಯೊಳಗಿಂದ ಅತ್ತೆಯ ದನಿ ಬಂತು. ಅಳಿಯನ ಹೆಸರು ಹಿಡಿಯದೆ, ಅವನು ಮದುವೆಯಲ್ಲಿ ಕೊಟ್ಟ ಕುರಿಯ ಹೆಸರಿನಲ್ಲೇ ಆಕೆ ಅವನನ್ನು ಕರೆಯಬೇಕಾದ್ದು ಅಲ್ಲಿನ ರೂಢಿ.

"ಪಾಕೆರ್! ಬೇಗ ಹೇಳು, ಒಲೆ ಮೇಲೆ ಹಾಲಿದೆ!"

"ಆ ಹಟ್ಟಿಯ ಹುಡುಗ್ರು ಫುಟ್‌ಬಾಲಿಗೆ ಹೋಗಿದ್ರು" ಎಂದ ಸಿರೊಂಕಾ. "ಅದಕ್ಕೆ ಇಲ್ಲಿಗೆ ಬಂದೆ. ಇವರು ನಮ್ಮಮ್ಮನ ಕಡೆಯೋರಲ್ಲ. ಹೋಟೆಲಿನ ಕಡೆಯೋರು."

ನಗು ನಿಂತಿತು.

"ಬರೋಕೆ ಹೆದರಿಕೆ ಆಗಿತ್ತು. ದಿನಾ ಗುಡ್ಡ ನೋಡ್ತಿದ್ದೆ. ಅವಳಿಲ್ಲದೆ ಮನೇಲಿ ಇರೋಕಾಗ್ತಿಲ್ಲ. ಅಷ್ಟೇ."

ನಂಪಾಸೊ ವೌಟರನನ್ನು ನೋಡಿದ. ತಾನು ಕುಲುಕಿದ ಕೈಯನ್ನು ನೋಡಿಕೊಂಡ. "ಕೈ ಹಿಡಿದಾಯ್ತು, ಸಕ್ಕರೆ ತಗೊಂಡಾಯ್ತು" ಎಂದ ಕೊನೆಗೆ. "ಯಾವ ಕಡೆಯೋರಾದ್ರೂ ಇನ್ನು ಹಿರಿಯರೇ. ಮಗಳೇ, ನೀನೇನಂತೀಯ?"

ರೆಸಿಯಾತೊ ತಕ್ಷಣ ಹೂಂ ಅನ್ನಲಿಲ್ಲ. ಹಾಗನ್ನುವವಳೂ ಅಲ್ಲ. "ಅಭಯಾರಣ್ಯದ ಗೇಟಿನ ತನಕ ವ್ಯಾನಿನಲ್ಲಿ ಬರ್ತೀನಿ. ಅಲ್ಲಿಂದ ಇವನ ಜೊತೆ ಹೋಗ್ತೀನೋ, ಬಸ್ಸು ಹತ್ತಿ ವಾಪಸ್ ಬರ್ತೀನೋ, ದಾರೀಲಿ ಯೋಚನೆ ಮಾಡ್ತೀನಿ."

ಮಗಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ನಂಪಾಸೊ ಒಂದು ಆಡು ಕೊಟ್ಟ. ಹನ್ನೆಕೆಯ ಕಂಬಳಿ ವಾಪಸು ಬರಲಿಲ್ಲ. ಆಕೆಯೂ ಮತ್ತೆ ಕೇಳಲಿಲ್ಲ. ವ್ಯಾನಿನಲ್ಲಿ ಜಾಗವಿರಲಿಲ್ಲವಾದ್ದರಿಂದ ರೆಸಿಯಾತೊ ಮುಂದೆ ಗೈಡಿನ ಸೀಟಿನಲ್ಲಿ ಕೂತಳು. ಸಿರೊಂಕಾ ಎಲ್ಲರಿಗಿಂತ ಹಿಂದೆ, ಹೆಂಡತಿಯ ಗಂಟಿನ ಮೇಲೆ, ಆಡನ್ನು ತೊಡೆಯ ನಡುವೆ ಒತ್ತಿಹಿಡಿದು ಕೂತ. ಆಡು ಅವನ ಮಣಿಸರವನ್ನು ಜಗಿಯತೊಡಗಿತು. ಸರಗಳನ್ನು ಒಂದೊಂದಾಗಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಕೆಂಪು ಹೊದಿಕೆಯ ಅಂಚು ಬಾಯಿಗೆ ಹೋದಾಗ ಅದನ್ನೂ ಮಡಿಸಿ ಅಡಿಗೆ ಹಾಕಿಕೊಂಡು, ಒಳಗಿನ ಹಳೇ ಬನಿಯನ್ನಿನಲ್ಲಿ ಕೂತ. ದಾರಿಯುದ್ದಕ್ಕೂ ಹಾಲೆಂಡಿನವರು ಪ್ರಶ್ನೆ ಕೇಳಿದರು, ರೆಸಿಯಾತೊ ಉತ್ತರ ಹೇಳಿದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು. ಇದು ಗೈಡ್ ಕೆಲಸದಲ್ಲಿ ಸಾಧ್ಯವೆಂದು ಸಿರೊಂಕಾನಿಗೆ ಈವರೆಗೆ ಹೊಳೆದಿರಲಿಲ್ಲ.

ಗೇಟಿಗೆ ಬಂದಾಗ ಹೊತ್ತು ಇಳಿದಿತ್ತು. ಪಕ್ಕದಲ್ಲಿ ಗುಡ್ಡದಾಚೆಗೆ ಹೋಗುವ ಬಸ್ಸು ಇಂಜಿನ್ ಚಾಲೂ ಮಾಡಿಕೊಂಡು ನಿಂತಿತ್ತು. ಕಂಡಕ್ಟರ್ ಬಾಗಿಲು ಬಡಿಯುತ್ತ ಜನರನ್ನು ಕರೆಯುತ್ತಿದ್ದ. ಕಾವಲುಗಾರ ಒಳಗೆ ಇಣುಕಿ ನೋಡಿದ.

"ಪ್ರವಾಸಿಗರು ನಾಲ್ವರು. ಡ್ರೈವರ್. ಗೈಡಮ್ಮ. ಸರಿ. ಹಿಂದೆ ಆಡು ಹಿಡ್ಕೊಂಡಿರೋ ಮನುಷ್ಯ ಯಾರು?" ಎಂದು ಸ್ವಾಹಿಲಿಯಲ್ಲಿ ಕೇಳಿದ. "ದಾರೀಲಿ ಸಿಕ್ಕೋರನ್ನ ಹತ್ತಿಸ್ಕೊಂಡು ಬಂದ್ರೆ ಬಿಡಂಗಿಲ್ಲ. ಇಳಿಸ್ರಿ."

ಮುತಿಸ್ಯಾ ರೆಸಿಯಾತೊಳ ಕಡೆ ನೋಡಿದ. ಸಿರೊಂಕಾ ಆಡಿನ ಕೊಂಬು ಹಿಡಿದು ಕಾದ. ರೆಸಿಯಾತೊ ಬಸ್ಸಿನ ಕಡೆ ನೋಡಿದಳು. ಕಂಡಕ್ಟರ್ ಕೊನೆಯ ಸಲ ಬಾಗಿಲು ಬಡಿದ. ಬಸ್ಸು ಹೊಗೆ ಬಿಟ್ಟು ಅಲುಗಿತು, ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡಿದಳು.

"ನಮ್ಮ ಮನೆಯವರು" ಎಂದಳು.

ಕಾವಲುಗಾರ ಅಡ್ಡಗಂಬ ಎತ್ತಿದ. ವೌಟರ್ ಹಿಂದೆ ತಿರುಗಿ, "ಏನಂದಳು?" ಎಂದು ಸಿರೊಂಕಾನನ್ನು ಕೇಳಿದ.

ಸಿರೊಂಕಾ ಅದನ್ನು ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿ ಹೇಳಿದ.

ವೌಟರ್ ಅವನ ಮುಖ ನೋಡಿದ. ಆಮೇಲೆ 'ಇದು ನಿಜವಾ?' ಎಂದು ವಿಚಾರಿಸಿಕೊಳ್ಳಲು ಮುಂದಿನ ಸೀಟಿನತ್ತ ಬಾಗಿದ.